ಹಜ್ಜ್‌ಗೆಂದು ಹೊರಟ ದಾರಿ ಹೊನ್ನಾವರಕ್ಕೆ ಬಂತು

ದುಬೈಯಲ್ಲಿ ದುಡಿಯುವವರ ಮನೆಗಳಲ್ಲಿ ಇಬ್ನ್ ಬತೂತ ಎಂಬ ಹೆಸರು ಹೊಸದಲ್ಲ. 2005ರಲ್ಲಿ ಅಲ್ಲಿ ಆ ಹೆಸರಿನ ದೊಡ್ಡ ಮಾಲ್ ಒಂದು ತೆರೆಯಿತು. ಅದರೊಳಗೆ ಆಂದಲೂಸ್, ಟ್ಯುನೀಷಿಯಾ, ಈಜಿಪ್ಟ್, ಪರ್ಷಿಯಾ, ಭಾರತ, ಚೀನಾ ಎಂದು ಆರು ವಿಭಾಗಗಳಿವೆ. ರಜೆಯಲ್ಲಿ ಊರಿಗೆ ಬರುವ ಮಕ್ಕಳಿಗೆ ಅಲ್ಲಿ ಐಸ್‌ಕ್ರೀಂ ತಿಂದ ನೆನಪಿರುತ್ತದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಅವರು ನಮ್ಮ ಕರ್ನಾಟಕದ ಕರಾವಳಿಯಲ್ಲಿ ತಿಂಗಳುಗಟ್ಟಲೆ ಅನ್ನ, ಉಪ್ಪಿನಕಾಯಿ ಉಂಡು ಬದುಕಿದ್ದರು ಎಂಬುದು ಮಕ್ಕಳಿಗಿರಲಿ, ನಮ್ಮಲ್ಲಿ ಅನೇಕ ಹಿರಿಯರಿಗೂ ಗೊತ್ತಿಲ್ಲ.

ಇಬ್ನ್ ಬತೂತ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೋದ ಟ್ಯಾಂಜಿಯರ್ ಪಟ್ಟಣದಲ್ಲಿ. ಖಾಝಿಗಳ ಮನೆತನ. 1325ರ ಜೂನ್ ತಿಂಗಳಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟಾಗ ಅವರಿಗೆ 21 ವರ್ಷ. ಜೊತೆಗೆ ಸಂಗಾತಿಯೂ ಇರಲಿಲ್ಲ, ಕಾಫಿಲವೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಆಗ ಜೀವಂತವಿದ್ದರು. ಅವರನ್ನು ಅಗಲುವುದು ತನಗೂ ಅವರಿಗೂ ಎಷ್ಟು ಕಷ್ಟವಾಯಿತು ಎಂಬುದನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ಹಜ್ಜ್ ಮುಗಿಸಿ ಮರಳುವುದು ಅಂದಿನ ಸಾಮಾನ್ಯ ಯಾತ್ರಿಕನ ದಾರಿ. ಇವರು ಊರ ಕಡೆ ಮರಳಿದ್ದು 24 ವರ್ಷಗಳ ಬಳಿಕ!

ಹಜ್ಜ್‌ಗೆ ಹೊರಟವರ ದಾರಿಯನ್ನು ಬದಲಿಸಿದ್ದು ಏನು? ಒಂದು ಮಾತು ಮತ್ತು ಒಂದು ಕನಸು.

1326ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಅವರು ಶೈಖ್ ಬುರ್ಹಾನುದ್ದೀನ್ ಎಂಬ ಸಜ್ಜನರ ಮನೆಯಲ್ಲಿ ಮೂರು ದಿನ ಅತಿಥಿಯಾಗಿದ್ದರು. ಈ ಯುವಕನಿಗೆ ದೇಶ ಸುತ್ತುವ ಹಂಬಲವಿದೆ ಎಂದು ಶೈಖ್ ಕಂಡುಕೊಂಡರು. ಹಿಂದ್‌ನಲ್ಲಿ ಫರೀದುದ್ದೀನ್, ಸಿಂಧ್‌ನಲ್ಲಿ ರುಕ್ನುದ್ದೀನ್, ಚೀನಾದಲ್ಲಿ ಬುರ್ಹಾನುದ್ದೀನ್ ಎಂಬ ಮೂವರು ಸಹೋದರರು ತನಗಿದ್ದಾರೆ, ಭೇಟಿಯಾದಾಗ ತನ್ನ ಸಲಾಂ ತಿಳಿಸಬೇಕು ಎಂದು ಹೇಳಿದರು. ಅಲ್ಲಿಯವರೆಗೆ ಯುವಕನ ಮನಸ್ಸಿನಲ್ಲಿ ಹಿಂದ್ ಇರಲಿಲ್ಲ, ಚೀನಾವೂ ಇರಲಿಲ್ಲ. ಒಂದು ಸಲಾಮಿನ ಹೊಣೆ ಅವರ ಹೆಗಲೇರಿತು. ಆ ಮೂವರನ್ನೂ ಕಂಡು ಸಲಾಂ ಮುಟ್ಟಿಸುವವರೆಗೆ ತನ್ನ ಪಯಣ ನಿಲ್ಲಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಕೆಲವೇ ದಿನಗಳಲ್ಲಿ, ಈಜಿಪ್ಟಿನಲ್ಲೇ ಮತ್ತೊಬ್ಬ ಶೈಖ್ ಅವರ ಮನೆಯ ತಾರಸಿಯಲ್ಲಿ ಮಲಗಿದ್ದಾಗ ದೊಡ್ಡ ಹಕ್ಕಿಯೊಂದು ತನ್ನನ್ನು ರೆಕ್ಕೆಯ ಮೇಲೆ ಹೊತ್ತು ಮಕ್ಕಾದ ಕಡೆಗೂ, ಯಮನ್ ಕಡೆಗೂ, ಕೊನೆಗೆ ದೂರದ ಪೂರ್ವಕ್ಕೂ ಒಯ್ದಂತೆ ಕನಸು ಕಂಡರು. ನೀನು ಹಿಂದ್‌ನಲ್ಲಿ ಬಹುಕಾಲ ಇರುವೆ, ಅಲ್ಲಿ ನನ್ನ ಸಹೋದರ ದಿಲ್‌ಶಾದ್ ನಿನ್ನನ್ನು ಒಂದು ಸಂಕಟದಿಂದ ಪಾರು ಮಾಡುವನು ಎಂದು ಶೈಖ್ ಕನಸಿನ ಅರ್ಥ ಬಿಡಿಸಿದರು.

ಆ ವರ್ಷವೇ ಹಜ್ಜ್ ಆಯಿತು. ನಂತರ ಇರಾಕ್, ಪರ್ಷಿಯಾ, ಯಮನ್, ಪೂರ್ವ ಆಫ್ರಿಕಾದ ಕರಾವಳಿ, ತುರ್ಕರ ನಾಡು. 1333ರಲ್ಲಿ ಸಿಂಧೂ ನದಿಯ ತೀರ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿಯಾಗಿ ನೇಮಿಸಿದ. ಸಂಬಳ, ಸನ್ಮಾನ ಎಲ್ಲವೂ ಇತ್ತು. ಆದರೆ ಸುಲ್ತಾನನ ಕೆಂಗಣ್ಣಿಗೆ ಗುರಿಯಾಗಿದ್ದ ಒಬ್ಬ ಶೈಖ್ ಅವರನ್ನು ಭೇಟಿಯಾದ ತಪ್ಪಿಗೆ ಇವರ ತಲೆಯ ಮೇಲೂ ಕತ್ತಿ ತೂಗಿತು. ಹೇಗೋ ಜೀವ ಉಳಿಯಿತು. ಎಲ್ಲವನ್ನೂ ದಾನ ಮಾಡಿ ಫಕೀರರಂತೆ ಬದುಕಿದರು. ಮತ್ತೆ ಹಜ್ಜ್‌ಗೆ ಹೋಗಲು ಅನುಮತಿ ಬೇಡಿದರು. ಆಗ ಸುಲ್ತಾನ ಕರೆದು ಹೇಳಿದ್ದು ಬೇರೆಯದೇ: ಚೀನಾದ ಚಕ್ರವರ್ತಿಯ ಬಳಿಗೆ ನನ್ನ ರಾಯಭಾರಿಯಾಗಿ ಹೋಗು!

1340ರ ದಶಕದ ಆರಂಭದಲ್ಲಿ ಉಡುಗೊರೆಗಳ ದೊಡ್ಡ ದಂಡಿನೊಂದಿಗೆ ಹೊರಟರು. ಇಂದಿನ ಅಲಿಗಢದ ಬಳಿ ಸುಲಿಗೆಕೋರರ ಕೈಗೆ ಸಿಕ್ಕು, ತಪ್ಪಿಸಿಕೊಂಡು, ದಿನಗಟ್ಟಲೆ ಹಸಿವು ಬಾಯಾರಿಕೆಯಲ್ಲಿ ಅಲೆದರು. ಹೆಜ್ಜೆ ಇಡಲೂ ಆಗದಿದ್ದಾಗ ಕಪ್ಪು ಬಣ್ಣದ ಅಪರಿಚಿತನೊಬ್ಬ ನೀರು, ಕಾಳು ಕೊಟ್ಟು, ತನ್ನ ಬೆನ್ನ ಮೇಲೆ ಹೊತ್ತು ಹಳ್ಳಿಯೊಂದಕ್ಕೆ ಮುಟ್ಟಿಸಿದ. ಹೆಸರು ಕೇಳಿದಾಗ 'ಅಲ್ ಖಲ್ಬುಲ್ ಫಾರಿಹ್' ಎಂದಿದ್ದ. ಸಂತಸದ ಹೃದಯ ಎಂದು ಅದರ ಅರ್ಥ. ಅದನ್ನೇ ಫಾರ್ಸಿಯಲ್ಲಿ ದಿಲ್‌ಶಾದ್ ಎನ್ನುತ್ತಾರೆ. ಹದಿನೈದು ವರ್ಷಗಳ ಹಿಂದಿನ ಕನಸಿನ ಮಾತು ಆಗ ನೆನಪಾಯಿತು.

ಪಡುವಣ ಕರಾವಳಿಗೆ ಇಳಿದ ಮೇಲೆ ಹಡಗಿನಲ್ಲಿ ದಕ್ಷಿಣಕ್ಕೆ ಸಾಗಿದರು. ಅವರು ಬರೆದ ಹಿನೌರ್ ನಮ್ಮ ಹೊನ್ನಾವರ, ಫಾಕನೂರ್ ಬಾರ್ಕೂರು, ಮಂಜರೂರ್ ಮಂಗಳೂರು. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್‌ನ ವರ್ತಕರು ಬಂದಿಳಿಯುತ್ತಾರೆ, ಕರಿಮೆಣಸು, ಶುಂಠಿ ಧಾರಾಳ, ಪಟ್ಟಣದ ಹೊರಗೆ ಸುಮಾರು 4,000 ಮುಸ್ಲಿಮರ ಕೇರಿ ಇದೆ ಎಂದು ದಾಖಲಿಸಿದ್ದಾರೆ.

ಕಲ್ಲಿಕೋಟೆಯಲ್ಲಿ ಎಲ್ಲವೂ ತಲೆಕೆಳಗಾಯಿತು. ಉಡುಗೊರೆಗಳನ್ನು ದೊಡ್ಡ ಹಡಗಿಗೆ ತುಂಬಿಸಿ, ತನ್ನ ಸಾಮಾನು ಮತ್ತು ಸೇವಕರನ್ನು ಚಿಕ್ಕ ಹಡಗಿಗೆ ಹತ್ತಿಸಿ, ಜುಮಾ ನಮಾಝ್‌ಗೆಂದು ಅವರು ದಡದಲ್ಲೇ ಉಳಿದರು. ಆ ರಾತ್ರಿ ಬಿರುಗಾಳಿ ಎದ್ದು ದೊಡ್ಡ ಹಡಗು ಒಡೆಯಿತು. ಸಂಗಡಿಗರ ಮಯ್ಯಿತ್‌ಗಳು ದಡಕ್ಕೆ ಬಂದವು. ಚಿಕ್ಕ ಹಡಗಿನವರು ಇವರಿಗಾಗಿ ಕಾಯದೆ ಹಾಯಿ ಬಿಚ್ಚಿ ಹೋಗಿಬಿಟ್ಟರು. ರಾಯಭಾರಿಯ ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗಿದ್ದ ಜಮಖಾನೆ. ದೆಹಲಿಗೆ ಮರಳಿದರೆ ಸುಲ್ತಾನ ಏನು ಮಾಡುವನೋ ಎಂಬ ಭಯ. ಹೀಗೆ ದಿಕ್ಕು ತೋಚದವರು ಬಂದು ಸೇರಿದ್ದು ಹೊನ್ನಾವರಕ್ಕೆ.

ಕೆಲವು ವರ್ಷಗಳ ಹಿಂದೆ ಸಂಬಂಧಿಕರ ನಿಕಾಹ್‌ಗೆಂದು ಹೊನ್ನಾವರಕ್ಕೆ ಹೋಗಿದ್ದೆ. ಮಂಗಳೂರಿನಿಂದ ಮಡಗಾಂವ್ ಕಡೆಗೆ ಹೋಗುವ ರೈಲು ಭಟ್ಕಳ, ಮುರ್ಡೇಶ್ವರ, ಮಂಕಿ ದಾಟಿ ಶರಾವತಿಯ ಮೇಲೆ ಬರುತ್ತದೆ. ಎರಡು ಕಿಲೋಮೀಟರಿಗಿಂತಲೂ ಉದ್ದದ ಸೇತುವೆ. ಕೊಂಕಣ ರೈಲು ಮಾರ್ಗದಲ್ಲಿ ಇದೇ ಅತಿ ಉದ್ದದ್ದು. ಜೋಗದಲ್ಲಿ ಧುಮುಕಿ ಬಂದ ನದಿ ಇಲ್ಲಿ ಸದ್ದಿಲ್ಲದೆ ಹರಡಿಕೊಂಡಿರುತ್ತದೆ. ನಡುವೆ ತೆಂಗಿನ ಕುದ್ರುಗಳು, ಪಶ್ಚಿಮಕ್ಕೆ ಅಳಿವೆ. ದೊಡ್ಡ ಹಡಗುಗಳು ಒಳಬರುವಷ್ಟು ವಿಶಾಲವಾದ ಅಳಿವೆ ಎಂದು ಇಬ್ನ್ ಬತೂತ ವರ್ಣಿಸಿದ್ದು ಇದನ್ನೇ. ಈಗ ಅಲ್ಲಿ ಮೀನುಗಾರರ ದೋಣಿಗಳು ಸಾಲಾಗಿ ನಿಂತಿದ್ದವು.

ಆಗ ಇಲ್ಲಿ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್ ಮುಹಮ್ಮದ್. ಅವನ ಮೇಲೆ ಮತ್ತೊಬ್ಬ ಹಿಂದೂ ಅರಸನಿದ್ದ. ಅವನ ಹೆಸರನ್ನು ಇಬ್ನ್ ಬತೂತ 'ಹರ್ಯಬ್' ಎಂದು ಬರೆದಿದ್ದಾರೆ. ವಿಜಯನಗರದ ಹರಿಹರನೇ ಇವನು ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಊರಿನ ಜನ ಶಾಫಿಈ ಮದ್ಸ್‌ಹಬ್‌ನವರು, ಸಮುದ್ರ ವ್ಯಾಪಾರವೇ ಜೀವನ.

ಊಟದ ವರ್ಣನೆಯಂತೂ ನಮ್ಮ ಸಹೋದರಿಯರು ಓದಬೇಕಾದದ್ದು. ರೇಷ್ಮೆ ಉಟ್ಟ ಹೆಂಗಸು ತಾಮ್ರದ ಸೌಟಿನಲ್ಲಿ ಅನ್ನ ಬಡಿಸಿ, ಮೇಲೆ ತುಪ್ಪ ಸುರಿದು, ಪಕ್ಕದಲ್ಲಿ ಕಾಳುಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ ಇಡುತ್ತಿದ್ದಳಂತೆ. ಮತ್ತೆ ಅನ್ನ, ಜೊತೆಗೆ ಕೋಳಿ. ಮತ್ತೆ ಅನ್ನ, ಜೊತೆಗೆ ಮೀನು. ಬಳಿಕ ತರಕಾರಿ. ಕೊನೆಗೆ ಮೊಸರು. ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ದೇಹಕ್ಕೆ ಆಗುವುದಿಲ್ಲ. ಏಳು ಶತಮಾನಗಳಾಗುತ್ತಾ ಬಂದರೂ ನಮ್ಮ ಅಡುಗೆಮನೆ ಎಷ್ಟು ಬದಲಾಗಿದೆ ಹೇಳಿ! ರೊಟ್ಟಿ ತಿಂದು ಬೆಳೆದ ಆ ಮನುಷ್ಯ ಇಲ್ಲಿ ಒಂದು ಸಲ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ. ಮುಂದಿನ ವರ್ಷಗಳಲ್ಲಿ ಅನ್ನವೇ ಅನ್ನ ಉಂಡು, ಕೊನೆಗೆ ನೀರಿಲ್ಲದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ.

ಆದರೆ ಅಧ್ಯಾಪನದ ವೃತ್ತಿಯಲ್ಲಿರುವ ನನ್ನನ್ನು ತಡೆದು ನಿಲ್ಲಿಸುವುದು ಬೇರೊಂದು ಸಂಗತಿ. ಹೊನ್ನಾವರದ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದವರು ಎಂದು ಅವರು ಹೇಳುತ್ತಾರೆ. ಹೊಲಿಗೆ ಹಾಕದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು, ಮೂಗಿಗೆ ಚಿನ್ನದ ಮೂಗುತಿ. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ! ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದು ಅಷ್ಟು ದೇಶ ಸುತ್ತಿದವರು ಬೆರಗಾದರು. ಎಲ್ಲವನ್ನೂ ಕಳೆದುಕೊಂಡು ಬಂದ ಅವರು ಕೂಡ ಇಲ್ಲಿನ ಮಸೀದಿಯಲ್ಲಿ ಕುಳಿತು ದಿನಕ್ಕೊಂದು ಖತ್ಮ್ ಓದಿ ಮನಸ್ಸಿಗೆ ಸಮಾಧಾನ ತಂದುಕೊಂಡರು.

ಆ 13 ಶಾಲೆಗಳಲ್ಲಿ ಕಲಿಸಿದವರ ಒಂದು ಹೆಸರೂ ಉಳಿದಿಲ್ಲ. ದಾರಿ ತಪ್ಪಿ ಬಂದ ಪಯಣಿಗನೊಬ್ಬ ಎಣಿಸಿಟ್ಟಿದ್ದರಿಂದ ಸಂಖ್ಯೆಯಾದರೂ ಉಳಿಯಿತು. ಇದೇ ಕರಾವಳಿಯ ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಹುಟ್ಟಿ, ಮುಂದೆ ಹೆಣ್ಣುಮಕ್ಕಳಿಗೂ ಶಾಲೆ, ಕಾಲೇಜು ತೆರೆಯಿತು. ಹೆಣ್ಣುಮಕ್ಕಳ ಓದು ನಮ್ಮಲ್ಲಿ ಹೊಸ ಕಾಲದ ಗಾಳಿ ಎಂದು ಗೊಣಗುವವರಿಗೆ ಹೊನ್ನಾವರದ ಆ ಲೆಕ್ಕವನ್ನು ಹೇಳಬೇಕು.

ನಿಕಾಹ್‌ನ ಮನೆಯಲ್ಲಿ ಈ ಕಥೆಯನ್ನು ಹೆಂಗಸರ ನಡುವೆ ಹೇಳಿದೆ. ಮೂಲೆಯಲ್ಲಿ ವೀಳ್ಯದ ತಟ್ಟೆ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಅವನ ತಾಯಿ ಏನಾದಳು ಮಗಳೇ?"

ಅಜ್ಜಿಯ ಗಂಡ ಕುವೈತ್‌ನಲ್ಲಿ ದುಡಿದವರು, ಮಕ್ಕಳಿಬ್ಬರು ಈಗಲೂ ಗಲ್ಫಿನಲ್ಲಿ. ಆ ಪ್ರಶ್ನೆ ಎಲ್ಲಿಂದ ಬಂತೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಉತ್ತರ ಅದೇ ಪುಸ್ತಕದಲ್ಲಿದೆ. ಹೊನ್ನಾವರದಿಂದ ಮಾಲ್ದೀವ್ಸ್, ಅಲ್ಲಿ ಖಾಝಿ ಹುದ್ದೆ, ಮುಂದೆ ಚೀನಾ, ಮತ್ತೆ ಹಿಂದಿರುಗುವ ದಾರಿ. ಬಹಳ ಹಿಂದೆ ದಮಾಸ್ಕಸ್‌ನಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಬಂದಿದ್ದರು. ಗಂಡುಮಗು ಹುಟ್ಟಿದೆ ಎಂದು ಭಾರತದಲ್ಲಿದ್ದಾಗ ತಿಳಿದು 40 ದೀನಾರ್ ಕಳಿಸಿದ್ದರು. 1348ರಲ್ಲಿ ಆ ಊರಿಗೆ ಮರಳಿ ಮೊದಲು ಕೇಳಿದ್ದು ಮಗನನ್ನೇ. ಅವನು ಸತ್ತು ಹನ್ನೆರಡು ವರ್ಷವಾಗಿತ್ತು. ತಂದೆ ತೀರಿ ಹದಿನೈದು ವರ್ಷವಾಯಿತು ಎಂಬ ಸುದ್ದಿಯೂ ಅಲ್ಲೇ ಸಿಕ್ಕಿತು. ಕಲ್ಲಿಕೋಟೆಯಿಂದ ಅವರನ್ನು ಬಿಟ್ಟು ಹೋದ ಹಡಗಿನಲ್ಲಿದ್ದ, ಅಂದಿನ ರೂಢಿಯಂತೆ ಅವರ ಮನೆಯಲ್ಲಿದ್ದ ಗರ್ಭಿಣಿ ದಾಸಿಯೂ ಬದುಕಲಿಲ್ಲ. 1349ರಲ್ಲಿ ಮೊರಾಕ್ಕೋ ತಲುಪುವಾಗ ಮಹಾಮಾರಿ ಪ್ಲೇಗ್ ಎಲ್ಲೆಡೆ ಹರಡಿತ್ತು. ಕೆಲವೇ ತಿಂಗಳ ಹಿಂದೆ ತಾಯಿ ಅದಕ್ಕೆ ಬಲಿಯಾಗಿದ್ದರು. 24 ವರ್ಷ ಕಾದ ತಾಯಿಯನ್ನು ಮಗ ಕಂಡದ್ದು ಟ್ಯಾಂಜಿಯರ್‌ನ ಕಬರಿನ ಬಳಿ.

ಇದನ್ನು ಹೇಳಿದಾಗ ಅಜ್ಜಿ "ಇನ್ನಾಲಿಲ್ಲಾಹಿ" ಎಂದರು. ಆಮೇಲೆ ನಿಧಾನವಾಗಿ, "ಹೋದವರು ಬಂದು ಊರೂರ ಕಥೆ ಹೇಳುತ್ತಾರೆ. ಕಾದವರನ್ನು ಯಾರು ಕೇಳುತ್ತಾರೆ?" ಎಂದರು.

ಸುಮಾರು 1,17,000 ಕಿಲೋಮೀಟರ್ ಎಂದು ಅಂದಾಜಿಸಲಾದ ಪಯಣದ ಆ ಕಥೆ ನಮಗೆ ಸಿಕ್ಕಿದ್ದೇ ಕೇಳುವವರಿದ್ದುದರಿಂದ. ಮೊರಾಕ್ಕೋದ ಸುಲ್ತಾನನ ಆದೇಶದಂತೆ ಇಬ್ನ್ ಬತೂತ ನೆನಪಿನಿಂದ ಹೇಳುತ್ತಾ ಹೋದರು, ಇಬ್ನ್ ಜುಝೈ ಎಂಬ ವಿದ್ವಾಂಸರು ಕುಳಿತು ಬರೆದರು. 1355ರಲ್ಲಿ 'ರಿಹ್ಲಾ' ಮುಗಿಯಿತು. ನೆನಪಿನ ಬರಹವಾದ್ದರಿಂದ ಅಲ್ಲಲ್ಲಿ ದಿನಾಂಕಗಳು ಹೊಂದುವುದಿಲ್ಲ, ಕೆಲವು ಭಾಗಗಳ ಬಗ್ಗೆ ವಿದ್ವಾಂಸರಿಗೆ ಸಂಶಯವೂ ಇದೆ. ಆದರೂ ಬರೆಯದೆ ಹೋಗಿದ್ದರೆ ಹೊನ್ನಾವರದ 13 ಶಾಲೆಗಳು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಮನೆಗಳಲ್ಲೂ ಇಂಥ ಪಯಣಗಳಿವೆ. ಎರಡು ವರ್ಷಕ್ಕೆಂದು ಗಲ್ಫಿಗೆ ಹೋಗಿ ಇಪ್ಪತ್ತೈದು ವರ್ಷ ಉಳಿದವರಿದ್ದಾರೆ. ಮದುವೆಯಾಗಿ ಒಂದು ತಿಂಗಳಿಗೆ ಗಂಡನನ್ನು ಬೀಳ್ಕೊಟ್ಟು, ಅತ್ತೆ ಮಾವನ ಆರೈಕೆ, ಮಕ್ಕಳ ಓದು, ಮನೆಯ ಸಾಲ ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ತಾಯಂದಿರಿದ್ದಾರೆ. ಅವರು ಹೊಸ್ತಿಲು ದಾಟಲಿಲ್ಲ ಎಂದು ಅವರದ್ದು ಪಯಣವಲ್ಲವೇ? ಅವರೂ ಎಣಿಸದ ದಾರಿಯಲ್ಲೇ ನಡೆದವರು.

ಶಾಲೆ, ಮದ್ರಸಗಳಲ್ಲಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಹಿರಿಯ ಹೆಂಗಸಿನ ಬಳಿ ಕುಳಿತುಕೊಳ್ಳಿ. ಅಜ್ಜ ಯಾವ ಇಸವಿಯಲ್ಲಿ ಹಡಗು ಹತ್ತಿದರು, ಮೊದಲ ಕಾಗದ ಎಷ್ಟು ದಿನಕ್ಕೆ ಬಂತು, ಅದನ್ನು ಓದಿ ಹೇಳಿದವರು ಯಾರು, ಆ ಮಳೆಗಾಲದಲ್ಲಿ ಒಲೆ ಹೇಗೆ ಉರಿಯಿತು ಎಂದು ಕೇಳಿ ಬರೆದಿಡಿ. ಹೆಸರು, ಊರು, ಇಸವಿ ಸಹಿತ ಬರೆಯಿರಿ. ಇಬ್ನ್ ಬತೂತರಿಗೆ ಒಬ್ಬ ಇಬ್ನ್ ಜುಝೈ ಸಿಕ್ಕಿದರು. ನಿಮ್ಮ ಅಜ್ಜಿಗೆ ಇರುವುದು ನೀವೇ.