ಮನ್ಯಾಗ ಇರ್ತೀನ್ರೀ

ನಸುಕಿನ ಐದು ಗಂಟೆ. ಮೂಡಲಗಿ ಸೀಮೆಯ ಒಂದು ತೋಟದ ಮನೆ. ನೀವು ಗೋದಲಿಯ ಪಕ್ಕ ನಿಂತಿದ್ದೀರಿ. ಎಮ್ಮೆಯ ಕೆಚ್ಚಲು ತೊಳೆದು ಅಕ್ಕ ಹಾಲು ಹಿಂಡುತ್ತಿದ್ದಾರೆ. ಆಮೇಲೆ ಸಗಣಿ ಬಳಿದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಕುರ್ಪಿ ಹಿಡಿದು ಕಬ್ಬಿನ ಸಾಲಿಗೆ ಇಳಿಯುತ್ತಾರೆ. ಸಂಜೆ ಮರಳುವಾಗ ತಲೆಯ ಮೇಲೆ ಮೇವಿನ ಹೊರೆ. ಹಾಲು ಡೇರಿಗೆ ಹೋಗುತ್ತದೆ. ಡೇರಿಯ ಪುಸ್ತಕ ಗಂಡನ ಹೆಸರಿನಲ್ಲಿದೆ.

‘ಅಕ್ಕಾರ, ನೀವೇನ್ ಕೆಲಸಾ ಮಾಡ್ತೀರಿ?’

‘ಏನೂ ಇಲ್ರೀ. ಮನ್ಯಾಗ ಇರ್ತೀನಿ.’

ಕಟ್ಟೆಯ ಮೇಲೆ ಕೂತ ಗಂಡನನ್ನು ಕೇಳಿ. ‘ಒಕ್ಕಲತನಾರೀ’ ಅನ್ನುತ್ತಾರೆ. ಹೊಲ ಒಂದೇ, ದುಡಿಯುವವರು ಇಬ್ಬರು. ಲೆಕ್ಕಕ್ಕೆ ಸಿಕ್ಕವರು ಒಬ್ಬರು.

ಅಕ್ಕ ಸುಳ್ಳು ಹೇಳುತ್ತಿಲ್ಲ. ಪಗಾರ ಬಂದರಷ್ಟೇ ಕೆಲಸ ಎಂದು ಎಲ್ಲರೂ ಆಕೆಗೆ ಕಲಿಸಿದ್ದಾರೆ. ಜನಗಣತಿಯ ನಿಯಮ ಹಾಗೆ ಹೇಳುವುದಿಲ್ಲ. 2001ರ ಜನಗಣತಿಯಲ್ಲೇ ಮನೆ ಬಳಕೆಗೆಂದು ಹೈನು ಮಾಡುವವರನ್ನೂ ಕೆಲಸಗಾರರೆಂದು ಎಣಿಸಲಾಯಿತು. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ವರ್ಷವಿಡೀ ಇಂಥ ಯಾವ ಕೆಲಸವನ್ನೂ ಮಾಡದವರು ಕೆಲಸಗಾರರಲ್ಲದವರು. ಅಕ್ಕನನ್ನು ಆ ಕೊನೆಯ ಕಾಲಮಿಗೆ ತಳ್ಳುವುದು ಆ ಒಂದು ಉತ್ತರ, ಅದನ್ನು ಬರೆದುಕೊಂಡು ಎದ್ದುಹೋಗುವ ಅವಸರ.

ಗೋಕಾಕಕ್ಕೆ ಬನ್ನಿ. ಫಾಲ್ಸಿನ ಬಳಿಯ ನೂಲಿನ ಗಿರಣಿ 19ನೇ ಶತಮಾನದ್ದು. ಗಿರಣಿಯಲ್ಲಿ ಹಾಜರಿ ಪುಸ್ತಕವಿರುತ್ತದೆ, ದುಡಿದವರ ಹೆಸರಿರುತ್ತದೆ. ಅಡುಗೆಮನೆಗೆ, ಗೋದಲಿಗೆ ಹಾಜರಿ ಪುಸ್ತಕವಿಲ್ಲ.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಕಡೆ ಒಣಮೆಣಸಿನಕಾಯಿ ರಾಶಿಯ ಸುತ್ತ ಹೆಂಗಸರು ತೊಟ್ಟು ಮುರಿಯುತ್ತಿದ್ದಾರೆ. ಘಾಟಿಗೆ ನಿಮಗೆ ಕೆಮ್ಮು ಬರುತ್ತದೆ. ಅವರು ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಾರೆ. ಕೈಗೆ ಕೂಲಿ ಬರುವ ಈ ಕೆಲಸವನ್ನೂ ಅವರು ‘ಸುಮ್ನ ಕುಂದರೂದಕ್ಕಿಂತ’ ಎಂದೇ ಕರೆಯುತ್ತಾರೆ.

2011ರ ಜನಗಣತಿಯಲ್ಲಿ ಮೂಡಲಗಿ ಗೋಕಾಕ ತಾಲ್ಲೂಕಿನೊಳಗೇ ಇತ್ತು. ಈಗ ಅದೇ ಒಂದು ತಾಲ್ಲೂಕು. ಬರುವ ಜನಗಣತಿಯಲ್ಲಿ ಮೊದಲ ಬಾರಿಗೆ ಅದಕ್ಕೆ ತನ್ನದೇ ಅಂಕಿಗಳು ಸಿಗಬೇಕು. ಆ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ತಾಲ್ಲೂಕಿನ ಅರ್ಧ ದುಡಿಮೆ ಬಿಟ್ಟುಹೋದ ಅಂಕಿಯನ್ನು ನಂಬಿ ಯೋಜನೆ ಮಾಡಿದರೆ ಅದು ಯಾರ ಮನೆಗೂ ಮುಟ್ಟುವುದಿಲ್ಲ.

ಗಣತಿಗೆ ಹೋಗುವ ಶಿಕ್ಷಕರೇ, ಮನೆಯ ಯಜಮಾನರನ್ನಷ್ಟೇ ಕೇಳಿ ಎದ್ದು ಬರಬೇಡಿ. ಹಾಲು ಹಿಂಡುವವರು ಯಾರು, ಹೊಲದ ಕಸ ತೆಗೆಯುವವರು ಯಾರು ಎಂದು ಅಕ್ಕನನ್ನೇ ಕೂರಿಸಿಕೊಂಡು ಕೇಳಿ.