ವಾರಗಳ ಲೆಕ್ಕ

2020ರ ಜನವರಿ ಮಧ್ಯಭಾಗ. ಐದು ತಿಂಗಳ ಗರ್ಭಿಣಿಯಾಗಿದ್ದ ಮಗಳ ಸ್ಕ್ಯಾನಿಂಗ್ ಮಾಡಿದ ವೈದ್ಯರು, ಮಗುವಿನ ಮೇಲ್ದುಟಿ ಸೀಳಿರುವಂತೆ ತೋರುತ್ತಿದೆ, ಅಂಗುಳಿನ ಸ್ಥಿತಿ ಹುಟ್ಟಿದ ಮೇಲೆಯೇ ಖಚಿತವಾಗುವುದು ಎಂದರು. ಮನೆಗೆ ಬಂದೊಡನೆ ನನ್ನಾಕೆ, ‘ಗ್ರಹಣದ ಹೊತ್ತು ಈಳಿಗೆಮಣೆ ಮುಟ್ಟಬೇಡವೆಂದರೆ ಕೇಳಿದೆಯಾ?’ ಎಂದುಬಿಟ್ಟಳು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಬೆಳಿಗ್ಗೆ ಮಗಳು ಹುರುಳಿಕಾಯಿ ಹೆಚ್ಚಿದ್ದಳು. ಮೂವತ್ತು ವರ್ಷ ಜೀವಶಾಸ್ತ್ರ ಬೋಧಿಸಿದ ನಾನು ಮೌನವಾಗಿದ್ದೆ.

ರಾತ್ರಿ ಮಗಳು, ‘ಅಪ್ಪಾ, ನನ್ನಿಂದಲೇ ಹೀಗಾಯಿತೇ?’ ಎಂದು ಕೇಳಿದಾಗ ನನ್ನ ಮೌನಕ್ಕೆ ನಾನೇ ನಾಚಿದೆ. ಕ್ಯಾಲೆಂಡರ್ ತಂದು ತಾಯಿಮಗಳಿಬ್ಬರನ್ನೂ ಕೂರಿಸಿಕೊಂಡೆ. ಭ್ರೂಣದ ತುಟಿ ಕೂಡಿಕೊಳ್ಳುವುದು ಗರ್ಭಧಾರಣೆಯ 4ರಿಂದ 7ನೆಯ ವಾರದೊಳಗೆ. ಗ್ರಹಣದ ದಿನ 17ನೆಯ ವಾರ ನಡೆಯುತ್ತಿತ್ತು. ಅನುವಂಶಿಕತೆಯೇ ಮೊದಲಾಗಿ ಕಾರಣಗಳು ಹಲವಿರಬಹುದು, ಗ್ರಹಣವಂತೂ ಅಲ್ಲ. ನನ್ನಾಕೆ ತಾನೇ ಬೆರಳು ಮಡಚಿ ಎಣಿಸಿದಳು. ಏನೂ ಹೇಳದೆ ಮಗಳ ತಲೆ ನೇವರಿಸಿದಳು.

ಜೂನ್ ತಿಂಗಳಲ್ಲಿ ಮೊಮ್ಮಗಳು ಸೀಳುತುಟಿಯೊಡನೆಯೇ ಹುಟ್ಟಿದಳು; ಅಂಗುಳು ಸರಿಯಿತ್ತು. ನಾಲ್ಕನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಮೂಗಿನ ಕೆಳಗೊಂದು ತೆಳುಗೆರೆ ಮಾತ್ರ ಉಳಿದಿದೆ.

ಅಂದು ಸುಮ್ಮನಿದ್ದುದಕ್ಕೆ ಮಗಳಲ್ಲಿ ಕ್ಷಮೆ ಕೇಳಿದ್ದೇನೆ. ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: ಬಸುರಿಯ ಮೇಲೆ ತಪ್ಪು ಹೊರಿಸುವ ಮುನ್ನ ಒಮ್ಮೆ ವಾರಗಳನ್ನು ಎಣಿಸಿ ನೋಡಿ.