ಹಾಲ್‌ಸ್ಟೆಡ್ ಬೀದಿಯ ಕೆಂಪು ಮನೆ

ಮಗಳ ಮನೆ ಶಿಕಾಗೋದಲ್ಲಿದೆ. ಅಲ್ಲಿಗೆ ಹೋದ ಮೊದಲ ವಾರ ಎತ್ತರದ ಕಟ್ಟಡಗಳನ್ನು ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದಾಯಿತು. ಒಂದು ಬೆಳಗ್ಗೆ ಐದನೇ ತರಗತಿಯ ಮೊಮ್ಮಗಳು, "ಅಜ್ಜ, ಇವತ್ತು ಟಿಕೆಟ್ ಇಲ್ಲದ ಜಾಗಕ್ಕೆ ಹೋಗೋಣ" ಎಂದಳು. ಬ್ಯಾಂಕ್ ಗುಮಾಸ್ತನಾಗಿದ್ದವನಿಗೆ ಇದಕ್ಕಿಂತ ಸಿಹಿ ಮಾತು ಬೇಕೆ?

ಹಾಲ್‌ಸ್ಟೆಡ್ ಬೀದಿಯಲ್ಲಿ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳ ನಡುವೆ ಕೆಂಪು ಇಟ್ಟಿಗೆಯ ಹಳೆಯ ಮನೆಯೊಂದಿದೆ. ಅದೇ ಹಲ್ ಹೌಸ್. 1889ರಲ್ಲಿ ಜೇನ್ ಆಡಮ್ಸ್ ಎಂಬ ಸಿರಿವಂತರ ಮನೆಯ ಹೆಣ್ಣುಮಗಳು ಗೆಳತಿ ಎಲೆನ್ ಸ್ಟಾರ್ ಜೊತೆ ಇಲ್ಲಿ ಬಂದು ನೆಲೆಸಿದರು. ಸುತ್ತಲೂ ಇಟಲಿ, ಜರ್ಮನಿ, ರಷ್ಯಾಗಳಿಂದ ಹೊಟ್ಟೆಪಾಡಿಗೆ ಬಂದವರ ಕೇರಿ. ಶಿಶುವಿಹಾರ, ಸಂಜೆ ತರಗತಿ, ಆಟದ ಬಯಲು ಎಂದು ಬೆಳೆದು ಒಂದು ಮನೆ 13 ಕಟ್ಟಡಗಳಾಯಿತು. ಈಗ ಉಳಿದಿರುವುದು ಎರಡೇ. ಮಿಕ್ಕವನ್ನು ಈ ವಿಶ್ವವಿದ್ಯಾಲಯಕ್ಕಾಗಿಯೇ ಕೆಡವಿದರಂತೆ!

ಮೊದಲ ಕ್ರಿಸ್ಮಸ್‌ಗೆ ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಪುಟ್ಟ ಹುಡುಗಿಯರು ಬೇಡವೆಂದರು. ವಿಚಾರಿಸಿದರೆ, ಅವರು ಮಿಠಾಯಿ ಕಾರ್ಖಾನೆಯಲ್ಲಿ ಆರು ವಾರ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದವರು. ಮಿಠಾಯಿ ಕಂಡರೇ ಆಗದು. ಇದನ್ನು ಓದಿ ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ನನ್ನ ಅಕ್ಕ ಮೂರನೇ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವಳು. ಆ ದುಡ್ಡಿನಲ್ಲೇ ನಾನು ಬಿ.ಕಾಂ. ಓದಿದ್ದು. ಇವತ್ತಿಗೂ ಹೊಗೆಸೊಪ್ಪಿನ ವಾಸನೆ ಬಂದರೆ ಅವಳು ಎದ್ದು ಹೋಗುತ್ತಾಳೆ.

ಜೇನ್ ಸುಮ್ಮನೆ ಮರುಗಲಿಲ್ಲ. ಕೇರಿಯ ಕಸ ಎತ್ತುತ್ತಿಲ್ಲವೆಂದು ಜಗಳವಾಡಿ, 1895ರಲ್ಲಿ ತಾವೇ ವರ್ಷಕ್ಕೆ 1000 ಡಾಲರ್ ಸಂಬಳದ ಕಸದ ಇನ್‌ಸ್ಪೆಕ್ಟರ್ ಆದರು. ಬೆಳಕು ಹರಿಯುವ ಮೊದಲೇ ಕಸದ ಗಾಡಿಗಳ ಹಿಂದೆ ಓಡಾಟ. ಒಂದು ಕಿರುಬೀದಿಯಲ್ಲಿ ಕೆರೆಯುತ್ತಾ ಹೋದರೆ 18 ಅಂಗುಲ ಕೆಳಗೆ ಕಲ್ಲು ಹಾಸಿದ ರಸ್ತೆ! ಆಮೇಲೆ ನೋಡಿದರೆ ನಗರದ ಕಡತದಲ್ಲಿ ಆ ರಸ್ತೆ ಇತ್ತು. ಲೆಡ್ಜರಿನಲ್ಲಿ ಇದ್ದು ಕೈಗೆ ಸಿಗದ ಇಂಥವನ್ನು ನಾನೂ ಕಂಡಿದ್ದೇನೆ.

1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿ ಮತ್ತೆ ಅಧ್ಯಕ್ಷರಾಗಲು ಹೊರಟಾಗ, ಇದೇ ಶಿಕಾಗೋದ ಸಭೆಯಲ್ಲಿ ಅವರ ಹೆಸರನ್ನು ಅನುಮೋದಿಸಿದವರಲ್ಲಿ ಜೇನ್ ಒಬ್ಬರು. ಮಕ್ಕಳ ದುಡಿಮೆ ನಿಲ್ಲಿಸುತ್ತೇವೆಂದು ಆ ಪಕ್ಷ ಮಾತು ಕೊಟ್ಟಿತ್ತು. ಪಕ್ಷ ಸೋತಿತು.

ಆಮೇಲೆ ಯುರೋಪಿನಲ್ಲಿ ಮಹಾಯುದ್ಧ. 1915ರಲ್ಲಿ ಹೇಗ್ ನಗರದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿ, ಯುದ್ಧ ನಿಲ್ಲಿಸಿ ಎಂದರು. ಅಧ್ಯಕ್ಷೆ ಜೇನ್. ಕಾದಾಡುತ್ತಿದ್ದ ದೇಶಗಳ ಮಂತ್ರಿಗಳನ್ನೂ ಹೋಗಿ ಕಂಡರು. ಊರಿಗೆ ಮರಳಿ, ಎದುರಾಳಿಯನ್ನು ಇರಿಯಲು ಮನಸ್ಸು ಬಾರದ ಹುಡುಗರಿಗೆ ದಾಳಿಗೆ ಮುಂಚೆ ಮದ್ಯ ಕುಡಿಸುತ್ತಾರೆ ಎಂದು ಭಾಷಣ ಮಾಡಿದ್ದೇ ತಡ, ಪತ್ರಿಕೆಗಳು ಮುಗಿಬಿದ್ದವು. ಅದೇ ರೂಸ್‌ವೆಲ್ಟ್ ಹೆಂಗಸರ ಶಾಂತಿಯ ಪ್ರಯತ್ನವನ್ನು ಹೀಯಾಳಿಸಿದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಜೇನ್ ಮಾತು ಬದಲಿಸಲಿಲ್ಲ. ನಿನ್ನೆಯವರೆಗೆ ಹಾರ ಹಾಕುತ್ತಿದ್ದವರೇ ದೇಶದ್ರೋಹಿ ಎಂದರು.

"ಹಾಗಾದರೆ ಅವರು ಸೋತುಬಿಟ್ಟರಾ?" ಎಂದು ಮೊಮ್ಮಗಳು ಕೇಳಿದಳು.

ಲೆಕ್ಕ ಹೇಳಿದೆ. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಗ ಅವರು ಆಸ್ಪತ್ರೆಯಲ್ಲಿದ್ದರು, ತೆಗೆದುಕೊಳ್ಳಲು ಹೋಗಲಾಗಲಿಲ್ಲ. ಮಕ್ಕಳ ದುಡಿಮೆಯ ವಿರುದ್ಧ 1916ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು, ಎರಡೇ ವರ್ಷಕ್ಕೆ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಗಟ್ಟಿಯಾಗಿ ನಿಲ್ಲುವ ಕಾನೂನು ಬಂದದ್ದು 1938ರಲ್ಲಿ. ಜೇನ್ 1935ರಲ್ಲೇ ತೀರಿಕೊಂಡಿದ್ದರು.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಕ್ಕನಿಗೆ ಮಿಠಾಯಿ ಹುಡುಗಿಯರ ಕತೆ ಹೇಳಿದೆ. ಅಲ್ಲಿ ಆಗ ಬೆಳಗ್ಗೆ, ಹಿಂದೆ ಕೋಳಿಗಳ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಹುಡುಗಿಯರನ್ನು ಆಮೇಲಾದರೂ ಶಾಲೆಗೆ ಕಳಿಸಿದರಾ?"